ಅಮೆರಿಕದ ಆಡಳಿತ ಮತ್ತು ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಲ್ಲಿ ಅಲ್ಲಿಯ ಚುನಾವಣೆ ನಮ್ಮ ವಿಧಾನಸಭೆ ಚುನಾವಣೆಯಷ್ಟೇ ಬಿಸಿಯಾಗಿ ಚರ್ಚೆಯಾಗುತ್ತದೆ. ಅಂಥ ಚರ್ಚೆಗಳಲ್ಲಿ, ಬಂದ ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಆಮೇಲೆ. ಹೆಚ್ಚಿನ ಗೊಂದಲಗಳ ಬೇರು ಒಂದೇ ಕಡೆ ಇದೆ ಎಂಬುದು ನನ್ನ ಅನಿಸಿಕೆ: ನಾವು ದಿನವೂ ಬಳಸುವ ‘ಸರ್ಕಾರ’ ಎಂಬ ಪದಕ್ಕೆ ಸರಿಹೊಂದುವ ಒಂದೇ ಒಂದು ವಸ್ತು ಅಮೆರಿಕದಲ್ಲಿಲ್ಲ.

## ಮೊದಲು ತಿಳಿಯಬೇಕಾದದ್ದು

ಅಲ್ಲಿ ಅಧ್ಯಕ್ಷರೇ ಸರ್ಕಾರ ತಾನೆ? ಹಾಗಿದ್ದರೆ ಅವರು ಹೇಳಿದ್ದು ಆಗುವುದಿಲ್ಲ ಏಕೆ?

ನಮ್ಮಲ್ಲಿ ಲೋಕಸಭೆಯಲ್ಲಿ ಬಹುಮತ ಇರುವವರು ಪ್ರಧಾನಿಯಾಗುತ್ತಾರೆ, ಅವರ ಮಂತ್ರಿಮಂಡಲವೇ ಮುಖ್ಯ ಮಸೂದೆಗಳನ್ನು ಮಂಡಿಸುತ್ತದೆ, ಬಹುಮತ ಹೋದ ದಿನ ಸರ್ಕಾರವೂ ಬೀಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರು, ಪ್ರತಿನಿಧಿ ಸಭೆ ಮತ್ತು ಸೆನೆಟ್ ಬೇರೆ ಬೇರೆ ಮತಗಳಿಂದ ಬೇರೆ ಬೇರೆ ಅವಧಿಗೆ ಆರಿಸಿ ಬರುತ್ತಾರೆ. ಅಧ್ಯಕ್ಷರಿಗೆ 4 ವರ್ಷ, ಪ್ರತಿನಿಧಿಗಳಿಗೆ 2 ವರ್ಷ, ಸೆನೆಟರುಗಳಿಗೆ 6 ವರ್ಷ. ಒಬ್ಬರ ಕುರ್ಚಿ ಇನ್ನೊಬ್ಬರ ಬೆಂಬಲದ ಮೇಲೆ ನಿಂತಿಲ್ಲವಾದ್ದರಿಂದ ಅವಿಶ್ವಾಸ ಗೊತ್ತುವಳಿ ತಂದು ಅಧ್ಯಕ್ಷರನ್ನು ಇಳಿಸಲು ಬರುವುದಿಲ್ಲ, ಸದನವನ್ನು ವಿಸರ್ಜಿಸಿ ಮಧ್ಯಂತರ ಚುನಾವಣೆಗೆ ಹೋಗಲು ಅಧ್ಯಕ್ಷರಿಗೂ ಬರುವುದಿಲ್ಲ. ‘ಸರ್ಕಾರ ಬಿತ್ತು’ ಎಂಬ ನಮ್ಮ ವಾಕ್ಯಕ್ಕೆ ಅಲ್ಲಿ ಅರ್ಥವೇ ಇಲ್ಲ. ಶಾಸಕರನ್ನು ಬಸ್ಸಿಗೆ ಹತ್ತಿಸಿ ರೆಸಾರ್ಟಿಗೆ ಸಾಗಿಸುವ, ಕರ್ನಾಟಕದವರಾದ ನಮಗೆ ಚಿರಪರಿಚಿತವಾದ ಆಟಕ್ಕೂ ಅಲ್ಲಿ ಕಾರಣವಿಲ್ಲ.

ಇದಕ್ಕೆ ತೆರುವ ಬೆಲೆಯೂ ಇದೆ. ಅಧ್ಯಕ್ಷರ ಪಕ್ಷಕ್ಕೆ ಒಂದು ಸದನದಲ್ಲೋ ಎರಡರಲ್ಲೂ ಕೂಡಿಯೋ ಬಹುಮತ ಇಲ್ಲದಿರುವುದು ಅಲ್ಲಿ ಮಾಮೂಲಿನ ಸಂಗತಿ. ಅಂಥ ಹೊತ್ತಿನಲ್ಲಿ ಅಧ್ಯಕ್ಷರು ಸದನದಲ್ಲಿ ಮಸೂದೆ ಮಂಡಿಸಲಾರರು, ಮತ ಹಾಕಲಾರರು; ಕೇಳಿಕೊಳ್ಳಬಹುದು, ಚೌಕಾಸಿ ಮಾಡಬಹುದು, ಕೊನೆಗೆ ಬಂದ ಮಸೂದೆಗೆ ಸಹಿ ಹಾಕಬಹುದು ಅಥವಾ ವಿಟೊ ಚಲಾಯಿಸಬಹುದು. ಆ ವಿಟೊವನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಮತ ಬೇಕು. ಅಂದಹಾಗೆ, ಅಲ್ಲಿಯ ‘ಕಾಂಗ್ರೆಸ್’ ಒಂದು ಪಕ್ಷವಲ್ಲ, ಎರಡು ಸದನಗಳು ಸೇರಿದ ಸಂಸತ್ತಿನ ಹೆಸರು. ಪತ್ರಿಕೆಯ ಶೀರ್ಷಿಕೆ ನೋಡಿ ಗಾಬರಿಯಾದ ಹಿರಿಯರೊಬ್ಬರಿಗೆ ಇದನ್ನು ಎರಡು ಸಲ ವಿವರಿಸಿದ್ದೇನೆ.

ಅಲ್ಲಿಯ ಸಂವಿಧಾನ ನಾಲ್ಕಾರು ಪುಟದ್ದಂತೆ, ನಿಜವೇ?

ನಿಜ. 1787ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ 55 ಪ್ರತಿನಿಧಿಗಳು ಕುಳಿತು ಚರ್ಚಿಸಿ, ಕೊನೆಗೆ 39 ಮಂದಿ ಸಹಿ ಹಾಕಿದ ಆ ಪಠ್ಯದಲ್ಲಿ 7 ವಿಧಿಗಳಿವೆ, ಸುಮಾರು 4,500 ಪದಗಳಿವೆ. ಇಷ್ಟು ಚಿಕ್ಕದಾಗಿ ಉಳಿದಿರುವುದಕ್ಕೆ ಒಂದು ಕಾರಣ ಅದನ್ನು ತಿದ್ದುವುದು ಬಹಳ ಕಷ್ಟ ಎಂಬುದು. ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಒಪ್ಪಿಗೆ ಸಿಕ್ಕ ಮೇಲೆ ನಾಲ್ಕನೇ ಮೂರು ಭಾಗದಷ್ಟು, ಎಂದರೆ ಈಗಿನ ಲೆಕ್ಕದಲ್ಲಿ 38 ರಾಜ್ಯಗಳು ಅನುಮೋದಿಸಬೇಕು. ಹೀಗಾಗಿ ಇದುವರೆಗೆ 27 ತಿದ್ದುಪಡಿಗಳಷ್ಟೇ ಆಗಿವೆ, ಅವುಗಳಲ್ಲಿ ಮೊದಲ ಹತ್ತು ಹಕ್ಕುಗಳ ಪಟ್ಟಿಯಾಗಿ 1791ರಲ್ಲೇ ಒಟ್ಟಿಗೆ ಬಂದವು.

27ನೆಯದರ ಕಥೆ ಸ್ವಾರಸ್ಯವಾಗಿದೆ. ಕಾಂಗ್ರೆಸ್ ಸದಸ್ಯರು ತಮ್ಮ ಸಂಬಳವನ್ನು ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆ ಮುಗಿಯುವವರೆಗೆ ಜಾರಿಗೆ ಬರಕೂಡದು ಎಂಬ ಈ ಪ್ರಸ್ತಾವ 1789ರಲ್ಲೇ ರಾಜ್ಯಗಳಿಗೆ ಹೋಗಿ, ಸಾಕಷ್ಟು ಅನುಮೋದನೆ ಸಿಗದೆ ಮೂಲೆ ಸೇರಿತ್ತು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ, ಗಡುವೇ ಇಲ್ಲದ ಆ ಪ್ರಸ್ತಾವ ಇನ್ನೂ ಜೀವಂತವಾಗಿದೆ ಎಂದು ವಾದಿಸಿ ಪ್ರಬಂಧ ಬರೆದ. ಸಿಕ್ಕಿದ್ದು ‘ಸಿ’ ದರ್ಜೆ. ಆತ ಪಟ್ಟು ಬಿಡದೆ ರಾಜ್ಯದಿಂದ ರಾಜ್ಯಕ್ಕೆ ಶಾಸಕರಿಗೆ ಪತ್ರ ಬರೆಯುತ್ತಾ ಹೋದ. 1992ರಲ್ಲಿ, ಎಂದರೆ ಪ್ರಸ್ತಾವ ಹುಟ್ಟಿ 200 ವರ್ಷ ಮೀರಿದ ಮೇಲೆ, ಅದು ಸಂವಿಧಾನದ ಭಾಗವಾಯಿತು. ಆ ಪ್ರಬಂಧದ ದರ್ಜೆಯನ್ನು 2017ರಲ್ಲಿ ‘ಎ’ಗೆ ಏರಿಸಲಾಯಿತು.

ಸೆನೆಟ್ ಎಂದರೆ ನಮ್ಮ ರಾಜ್ಯಸಭೆ ಇದ್ದಹಾಗೆಯೇ?

ಹೆಸರಿಗೆ ಮೇಲ್ಮನೆ ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ರಾಜ್ಯಸಭೆಯಲ್ಲಿ ಜನಸಂಖ್ಯೆಯನ್ನು ನೋಡಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮಿಗೆ 1 ಸ್ಥಾನ ಕೊಡಲಾಗಿದೆ. ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ತಲಾ ಇಬ್ಬರು. 2020ರ ಜನಗಣತಿಯಂತೆ ಸುಮಾರು 3.95 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, 5.77 ಲಕ್ಷ ಜನರಿರುವ ವಯೋಮಿಂಗ್‌ಗೂ ಇಬ್ಬರು. ಸಣ್ಣ ರಾಜ್ಯಗಳು ಒಕ್ಕೂಟಕ್ಕೆ ಸೇರಲು 1787ರಲ್ಲಿ ಹಾಕಿದ ಷರತ್ತು ಇದು.

ರಾಜ್ಯಸಭೆಗೆ ಹಣಕಾಸು ಮಸೂದೆಯನ್ನು ತಡೆಯುವ ಬಲವಿಲ್ಲ. ಸೆನೆಟ್ ಒಪ್ಪದೆ ಅಮೆರಿಕದಲ್ಲಿ ಒಂದು ಡಾಲರೂ ಮಂಜೂರಾಗುವುದಿಲ್ಲ. ಅದರ ಮೇಲೆ ನ್ಯಾಯಾಧೀಶರ ಮತ್ತು ಉನ್ನತ ಅಧಿಕಾರಿಗಳ ನೇಮಕ, ವಿದೇಶಿ ಒಪ್ಪಂದಗಳ ಅನುಮೋದನೆ ಸೆನೆಟ್‌ಗೆ ಮಾತ್ರ ಸೇರಿದ ಅಧಿಕಾರಗಳು. ಒಂದು ಕಾಲದಲ್ಲಿ ಸೆನೆಟರುಗಳನ್ನೂ ನಮ್ಮ ರಾಜ್ಯಸಭಾ ಸದಸ್ಯರಂತೆ ಆಯಾ ರಾಜ್ಯದ ಶಾಸಕರೇ ಆರಿಸುತ್ತಿದ್ದರು. 1913ರ 17ನೇ ತಿದ್ದುಪಡಿಯಿಂದ ಅದು ನೇರ ಚುನಾವಣೆಯಾಯಿತು. ಸಭಾಧ್ಯಕ್ಷ ಪೀಠ ದೇಶದ ಉಪಾಧ್ಯಕ್ಷರದು, ಆದರೆ ಮತಗಳು ಸಮನಾದಾಗ ಮಾತ್ರ ಅವರಿಗೆ ಮತವುಂಟು. ಕಮಲಾ ಹ್ಯಾರಿಸ್ ಹೀಗೆ 33 ಬಾರಿ ಮತ ಹಾಕಿದ್ದು ದಾಖಲೆ.

ಅಲ್ಲಿಯ ಮಂತ್ರಿಗಳು ಯಾವ ಕ್ಷೇತ್ರದಿಂದ ಗೆದ್ದು ಬಂದವರು?

ಯಾವ ಕ್ಷೇತ್ರದಿಂದಲೂ ಅಲ್ಲ. ಕಾಂಗ್ರೆಸ್ ಸದಸ್ಯರಾಗಿದ್ದುಕೊಂಡು ಕಾರ್ಯಾಂಗದ ಹುದ್ದೆ ಹಿಡಿಯುವುದನ್ನು ಸಂವಿಧಾನವೇ ನಿಷೇಧಿಸಿದೆ. ಸೆನೆಟರೊಬ್ಬರನ್ನು ವಿದೇಶಾಂಗ ಇಲಾಖೆಗೆ ಕರೆದರೆ ಅವರು ಸೆನೆಟ್‌ಗೆ ರಾಜೀನಾಮೆ ಕೊಟ್ಟೇ ಹೋಗಬೇಕು. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಸಮಿತಿ ಅವರನ್ನು ಎದುರಿಗೆ ಕೂರಿಸಿಕೊಂಡು ಗಂಟೆಗಟ್ಟಲೆ ಪ್ರಶ್ನಿಸುತ್ತದೆ, ಬಳಿಕ ಮತ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು ಅಧ್ಯಕ್ಷ ಒಬಾಮ ಸರ್ಜನ್ ಜನರಲ್ ಎಂಬ, ಸಾರ್ವಜನಿಕ ಆರೋಗ್ಯದ ಉನ್ನತ ಹುದ್ದೆಗೆ 2013ರ ನವೆಂಬರಿನಲ್ಲಿ ಹೆಸರಿಸಿದರು. ಬಂದೂಕಿನ ಹಿಂಸೆಯೂ ಆರೋಗ್ಯದ ಪ್ರಶ್ನೆಯೇ ಎಂದು ಅವರು ಹಿಂದೆ ಹೇಳಿದ್ದ ಮಾತು ಬಂದೂಕು ಪರ ಸಂಘಟನೆಗಳನ್ನು ಕೆರಳಿಸಿತ್ತು. ಸೆನೆಟ್ 51–43 ಮತಗಳಿಂದ ಒಪ್ಪಿದ್ದು 2014ರ ಡಿಸೆಂಬರಿನಲ್ಲಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರ ಆಯ್ಕೆ ಬರೀ ಆಯ್ಕೆಯಾಗಿಯೇ ಉಳಿದಿತ್ತು.

ರಾಜ್ಯಗಳಿಗೆ ನಮ್ಮಲ್ಲಿಗಿಂತ ಹೆಚ್ಚು ಸ್ವಾತಂತ್ರ್ಯ ಇದೆಯೇ?

ಬಹಳ ಹೆಚ್ಚು. ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ, ತನ್ನದೇ ಸುಪ್ರೀಂ ಕೋರ್ಟ್, ತನ್ನದೇ ದಂಡ ಸಂಹಿತೆ ಇದೆ. ಒಂದು ರಾಜ್ಯದಲ್ಲಿ ಮರಣದಂಡನೆ ಇರುತ್ತದೆ, ಪಕ್ಕದಲ್ಲಿ ಇರುವುದಿಲ್ಲ. ಗವರ್ನರ್ ಎಂಬ ಪದವನ್ನು ‘ರಾಜ್ಯಪಾಲ’ ಎಂದು ಕನ್ನಡಿಸುವುದರಿಂದ ದಾರಿ ತಪ್ಪುತ್ತದೆ. ಅಲ್ಲಿಯ ಗವರ್ನರ್ ಕೇಂದ್ರ ಕಳಿಸಿದವರಲ್ಲ, ಜನರಿಂದ ಆರಿಸಿ ಬಂದವರು, ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಳ್ವಿಕೆ ಹೇರಿದಂತೆ ಯಾವುದಾದರೂ ರಾಜ್ಯದ ಆಡಳಿತವನ್ನು ಕಿತ್ತುಹಾಕುವ ಅಧಿಕಾರ ಅಮೆರಿಕದ ಅಧ್ಯಕ್ಷರಿಗೆ ಇಲ್ಲ. ಒಕ್ಕೂಟಕ್ಕೆ ಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು ಎಂದು 10ನೇ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ ಪಟ್ಟಿಗಳಲ್ಲಿ ಇಲ್ಲದ ವಿಷಯಗಳು ಕೇಂದ್ರದ ಪಾಲು.

## ಚುನಾವಣೆ ಮತ್ತು ಪಕ್ಷಗಳು

ಹೆಚ್ಚು ಓಟು ಬಿದ್ದವರು ಸೋಲುವುದು ಎಲ್ಲಿಯ ನ್ಯಾಯ?

ನ್ಯಾಯವೋ ಅಲ್ಲವೋ ಎಂಬುದರ ಮೇಲೆ ಅಮೆರಿಕನ್ನರಲ್ಲೇ ಒಮ್ಮತವಿಲ್ಲ. ಲೆಕ್ಕ ಮಾತ್ರ ಹೀಗಿದೆ. ಮತದಾರರು ಆರಿಸುವುದು ಅಧ್ಯಕ್ಷರನ್ನಲ್ಲ, ಅಧ್ಯಕ್ಷರನ್ನು ಆರಿಸುವ ತಮ್ಮ ರಾಜ್ಯದ ಎಲೆಕ್ಟರುಗಳನ್ನು. ಒಂದು ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳೋ ಅದಕ್ಕೆ ಇಬ್ಬರು ಸೆನೆಟರುಗಳನ್ನು ಕೂಡಿಸಿದರೆ ಬರುವಷ್ಟು ಎಲೆಕ್ಟರುಗಳು. ಪ್ರತಿನಿಧಿ ಸಭೆಯ 435, ಸೆನೆಟ್‌ನ 100, ರಾಜಧಾನಿ ವಾಷಿಂಗ್ಟನ್ನಿಗೆ 1961ರ ತಿದ್ದುಪಡಿಯಿಂದ ಸಿಕ್ಕ 3 ಸೇರಿ ಒಟ್ಟು 538. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಎಲ್ಲ ಎಲೆಕ್ಟರುಗಳೂ ಮುಂದಿದ್ದವರಿಗೇ ಹೋಗುತ್ತಾರೆ. ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ 40 ಲಕ್ಷ ಮತಗಳ ಅಂತರದಿಂದ ಗೆದ್ದರೂ 40 ಮತಗಳ ಅಂತರದಿಂದ ಗೆದ್ದರೂ ಸಿಗುವ ಫಲ ಒಂದೇ.

2000ನೇ ಇಸವಿಯಲ್ಲಿ ದೇಶದಾದ್ಯಂತ ಅಲ್ ಗೋರ್ 5 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಫ್ಲಾರಿಡಾದಲ್ಲಿ 537 ಮತಗಳ ಅಂತರದಿಂದ ಜಾರ್ಜ್ ಬುಷ್ ಗೆದ್ದರೆಂದು ಲೆಕ್ಕವಾಯಿತು, ಮರುಎಣಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು, ಶ್ವೇತಭವನ ಬುಷ್ ಅವರದಾಯಿತು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದೂ ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾದರು. ಇದನ್ನು ವಿಚಿತ್ರ ಎನ್ನುವ ಮುನ್ನ 2018ರ ನಮ್ಮ ವಿಧಾನಸಭೆ ಚುನಾವಣೆಯನ್ನು ನೆನೆಯಬೇಕು: ಶೇಕಡಾವಾರು ಮತಗಳಲ್ಲಿ ಕಾಂಗ್ರೆಸ್ ಮುಂದಿತ್ತು, ಸ್ಥಾನಗಳಲ್ಲಿ ಬಿಜೆಪಿ. ಕ್ಷೇತ್ರ ಗೆದ್ದವರಿಗೆ ಕ್ಷೇತ್ರವೆಲ್ಲವೂ ಎಂಬ ಲೆಕ್ಕ ಇದ್ದಲ್ಲೆಲ್ಲ ಹೀಗಾಗುತ್ತದೆ.

ಯಾರಿಗೂ 270 ಸಿಗದಿದ್ದರೆ ತೀರ್ಮಾನ ಪ್ರತಿನಿಧಿ ಸಭೆಗೆ ಹೋಗುತ್ತದೆ, ಅಲ್ಲಿ ರಾಜ್ಯಕ್ಕೊಂದೇ ಮತ. 1824ರ ಚುನಾವಣೆ ಹಾಗೆ ತೀರ್ಮಾನವಾಯಿತು. ಹೆಚ್ಚು ಮತ ಪಡೆದಿದ್ದ ಆಂಡ್ರೂ ಜಾಕ್ಸನ್ ಸೋತು ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದರು.

ಮತದಾನ ಮಂಗಳವಾರವೇ ಏಕೆ? ರಜೆಯೂ ಇಲ್ಲವಂತೆ?

1845ರ ಕಾನೂನಿನಿಂದಾಗಿ. ಸುಗ್ಗಿ ಮುಗಿದ ನವೆಂಬರ್ ರೈತರಿಗೆ ಬಿಡುವಿನ ತಿಂಗಳು. ಭಾನುವಾರ ಚರ್ಚು, ಬುಧವಾರ ಹಲವೆಡೆ ಸಂತೆ. ಸೋಮವಾರ ಕುದುರೆಗಾಡಿ ಕಟ್ಟಿಕೊಂಡು ಹೊರಟರೆ ಮಂಗಳವಾರ ಮತಗಟ್ಟೆ ಮುಟ್ಟಬಹುದಿತ್ತು. ಗಾಡಿ ಹೋಯಿತು, ಮಂಗಳವಾರ ಉಳಿಯಿತು. ದೇಶವ್ಯಾಪಿ ರಜೆ ಇಲ್ಲ. ಕೆಲವು ರಾಜ್ಯಗಳು ಮಾತ್ರ ಕೊಡುತ್ತವೆ.

ಮತಪತ್ರ ಪುಸ್ತಕದಷ್ಟು ದಪ್ಪ ಇರುತ್ತದೆ ಎಂದು ಮಗಳು ಹೇಳುತ್ತಾಳೆ. ಚುನಾವಣಾ ಆಯೋಗ ಇದನ್ನು ಸರಳ ಮಾಡಬಾರದೇ?

ನಮ್ಮಲ್ಲಿರುವಂಥ ಆಯೋಗ ಅಲ್ಲಿಲ್ಲ. ಅಲ್ಲಿಯ ಫೆಡರಲ್ ಚುನಾವಣಾ ಆಯೋಗ ಪ್ರಚಾರದ ಹಣದ ಲೆಕ್ಕ ನೋಡುತ್ತದೆ, ಮತದಾನ ನಡೆಸುವುದಿಲ್ಲ. ಮತದಾನ ನಡೆಸುವವರು ರಾಜ್ಯಗಳು, ಅದರೊಳಗೆ ಬಹುಪಾಲು ನಮ್ಮ ಜಿಲ್ಲೆಯಂಥ ಕೌಂಟಿಗಳು. ಅವು 3,000ಕ್ಕೂ ಹೆಚ್ಚಿವೆ. ಗುರುತಿನ ಚೀಟಿ ಬೇಕೇ, ಅಂಚೆಯಲ್ಲಿ ಮತ ಹಾಕಬಹುದೇ, ಎಣಿಕೆ ಯಾವಾಗ ಶುರುವಾಗಬೇಕು ಎಂಬುದೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಚುನಾವಣೆಯ ರಾತ್ರಿ ಟಿ.ವಿ.ಯಲ್ಲಿ ‘ಗೆದ್ದರು’ ಎಂದು ಸಾರುವುದು ಸುದ್ದಿ ಸಂಸ್ಥೆಗಳು, ಸರ್ಕಾರಿ ಅಧಿಕಾರಿಗಳಲ್ಲ. ಅಧಿಕೃತ ಪ್ರಮಾಣೀಕರಣಕ್ಕೆ ವಾರಗಳು ಹಿಡಿಯುತ್ತವೆ.

ಇನ್ನು ದಪ್ಪದ ಮಾತು. ಒಂದೇ ಮತಪತ್ರದಲ್ಲಿ ಅಧ್ಯಕ್ಷ, ಸೆನೆಟರ್, ಪ್ರತಿನಿಧಿ, ರಾಜ್ಯದ ಶಾಸಕರು, ಹಲವೆಡೆ ನ್ಯಾಯಾಧೀಶರು, ಶೆರಿಫ್ ಎಂಬ ಕೌಂಟಿ ಪೊಲೀಸ್ ಮುಖ್ಯಸ್ಥ, ಶಾಲಾ ಮಂಡಳಿಯ ಸದಸ್ಯರು, ಕೊನೆಗೆ ‘ಹೌದು’ ‘ಇಲ್ಲ’ ಎಂದು ಗುರುತಿಸಬೇಕಾದ ಜನಮತದ ಪ್ರಸ್ತಾವಗಳು. 2016ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ರಾಜ್ಯಮಟ್ಟದ ಇಂಥ 17 ಪ್ರಸ್ತಾವಗಳಿದ್ದವು, ಅವನ್ನು ವಿವರಿಸುವ ಸರ್ಕಾರಿ ಕೈಪಿಡಿಯೇ 224 ಪುಟ. ಪರಿಚಿತರೊಬ್ಬರ ಊಟದ ಮೇಜಿನ ಮೇಲೆ ಅದನ್ನು ಕಂಡಾಗ ಹಳೆಯ ಟೆಲಿಫೋನ್ ಡೈರೆಕ್ಟರಿ ಎಂದೇ ಭಾವಿಸಿದ್ದೆ. ಮರಣದಂಡನೆ ಇರಬೇಕೇ, ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಕೊಡಬಹುದೇ ಎಂಬ ಎರಡು ಪ್ರಶ್ನೆಗಳೂ ಅದರಲ್ಲೇ ಇದ್ದವು.

ಟಿಕೆಟ್ ಕೊಡುವವರು ಯಾರು? ಅಲ್ಲಿಯ ಹೈಕಮಾಂಡ್ ಎಲ್ಲಿದೆ?

ಹೈಕಮಾಂಡ್ ಇಲ್ಲ ಎನ್ನುವುದೇ ಸರಿಯಾದ ಉತ್ತರ. ಪಕ್ಷದ ಅಭ್ಯರ್ಥಿಯನ್ನು ಸಾಮಾನ್ಯ ಮತದಾರರೇ ‘ಪ್ರೈಮರಿ’ ಎಂಬ ಪೂರ್ವಭಾವಿ ಚುನಾವಣೆಯಲ್ಲಿ ಆರಿಸುತ್ತಾರೆ, ಅದನ್ನು ಸಾಮಾನ್ಯವಾಗಿ ಸರ್ಕಾರಿ ಯಂತ್ರವೇ ನಡೆಸುತ್ತದೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷದವರೆಂದು ನೋಂದಾಯಿಸಿಕೊಂಡವರಿಗಷ್ಟೇ ಮತ, ಕೆಲವೆಡೆ ಯಾರು ಬೇಕಾದರೂ ಹಾಕಬಹುದು. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಷಿಕಾಗೊ ಸಮಾವೇಶದ ಗಲಭೆಯ ನಂತರ ನಿಯಮಗಳು ಬದಲಾಗಿ, 1972ರಿಂದ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯೂ ಪಕ್ಷದ ಹಿರಿಯರ ಕೈತಪ್ಪಿ ಪ್ರೈಮರಿಗಳ ಪಾಲಾಯಿತು.

ಇದರಿಂದ ನಾಯಕರು ನಿಶ್ಚಿಂತರಾಗಿರಲು ಸಾಧ್ಯವಿಲ್ಲ. 2014ರಲ್ಲಿ ಪ್ರತಿನಿಧಿ ಸಭೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ ಡೇವಿಡ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರೆದುರು ಸೋತರು. ನಮ್ಮಲ್ಲಿ ಟಿಕೆಟ್ ತಪ್ಪುವ ಭಯ ದೆಹಲಿಯ ಕಡೆ ನೋಡುವಂತೆ ಮಾಡುತ್ತದೆ. ಅಲ್ಲಿ ಪ್ರೈಮರಿಗೆ ತಪ್ಪದೆ ಬರುವ ಕಟ್ಟಾ ಬೆಂಬಲಿಗರ ಕಡೆ ನೋಡುವಂತೆ ಮಾಡುತ್ತದೆ. ಎರಡೂ ಪಕ್ಷಗಳು ಒಂದರಿಂದೊಂದು ಇಷ್ಟು ದೂರ ಸರಿದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಗೆದ್ದ ಮೇಲೆ ಪಕ್ಷ ಬಿಟ್ಟರೆ ಅನರ್ಹರಾಗುತ್ತಾರೆಯೇ?

ಇಲ್ಲ. 1985ರಿಂದ ನಮ್ಮಲ್ಲಿರುವ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಅಲ್ಲಿಲ್ಲ, ವಿಪ್ ಉಲ್ಲಂಘಿಸಿದವರ ಸ್ಥಾನ ಹೋಗುವುದಿಲ್ಲ. 2001ರಲ್ಲಿ ಸೆನೆಟ್ 50–50 ಆಗಿದ್ದಾಗ ವರ್ಮಾಂಟ್‌ನ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಕ್ಷ ತೊರೆದು ಸ್ವತಂತ್ರರಾದರು, ಅವರೊಬ್ಬರ ಹೆಜ್ಜೆಗೆ ಇಡೀ ಸದನದ ಹಿಡಿತ ಡೆಮಾಕ್ರಟರ ಕೈಸೇರಿತು. ಆದರೂ ಅಧ್ಯಕ್ಷ ಬುಷ್ ಅವರ ಕುರ್ಚಿ ಅಲುಗಲಿಲ್ಲ.

‘ಕೆಂಪು ರಾಜ್ಯ’ ಎಂದರೆ ಕಮ್ಯುನಿಸ್ಟರೇ?

ಅದಕ್ಕೆ ತದ್ವಿರುದ್ಧ. ಕೆಂಪು ರಿಪಬ್ಲಿಕನ್ನರದು, ನೀಲಿ ಡೆಮಾಕ್ರಟರದು. ಹಿಂದೆ ವಾಹಿನಿಗಳು ತಮಗೆ ತೋಚಿದ ಬಣ್ಣ ಬಳಸುತ್ತಿದ್ದವು; 2000ದ ಚುನಾವಣೆಯ ನಕ್ಷೆ ವಾರಗಟ್ಟಲೆ ಪರದೆಯ ಮೇಲೆ ಉಳಿದಾಗ ಈ ಬಣ್ಣಗಳು ಅಂಟಿಕೊಂಡವು.

ಕ್ಷೇತ್ರ ಮರುವಿಂಗಡಣೆ ಅಲ್ಲಿ ಹೇಗೆ ನಡೆಯುತ್ತದೆ? ನಮ್ಮ ಹಾಗೆ ದಕ್ಷಿಣ–ಉತ್ತರ ಜಗಳ ಇಲ್ಲವೇ?

ಎರಡು ಹಂತಗಳನ್ನು ಬೇರೆ ಮಾಡಿ ನೋಡಬೇಕು. ಮೊದಲನೆಯದು ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು. ಪ್ರತಿನಿಧಿ ಸಭೆಯ ಗಾತ್ರ 20ನೇ ಶತಮಾನದ ಆರಂಭದಿಂದ 435ಕ್ಕೆ ನಿಂತಿದೆ, ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಕೂಡಲೇ ಅಷ್ಟನ್ನೇ ಸೂತ್ರದಂತೆ ಮರುಹಂಚುತ್ತಾರೆ. ನಾವು 1971ರ ಜನಗಣತಿಯ ಆಧಾರದಲ್ಲೇ ರಾಜ್ಯವಾರು ಸ್ಥಾನಗಳನ್ನು ಹಿಡಿದಿಟ್ಟು, ಕರ್ನಾಟಕದ 28 ಸ್ಥಾನಗಳು ಮುಂದೇನಾಗುವುದೋ ಎಂದು ಚಿಂತಿಸುತ್ತಿರುವಾಗ ಅಲ್ಲಿ ಆ ನೋವನ್ನು ಕಂತಿನಲ್ಲಿ ಅನುಭವಿಸಿಬಿಡುತ್ತಾರೆ. 2020ರ ಗಣತಿಯ ನಂತರ ಟೆಕ್ಸಸ್ 2 ಸ್ಥಾನ ಗಳಿಸಿತು, ಕ್ಯಾಲಿಫೋರ್ನಿಯಾ 1 ಕಳೆದುಕೊಂಡಿತು. ನ್ಯೂಯಾರ್ಕ್ ಕೂಡ ಒಂದನ್ನು ಕಳೆದುಕೊಂಡಿತು, ಅದೂ 89 ಜನರ ಕೊರತೆಯಿಂದ. ಎರಡು ಕೋಟಿ ಜನರ ರಾಜ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳು ಗಣತಿಯ ನಮೂನೆ ತುಂಬಿದ್ದರೆ ಆ ಸ್ಥಾನ ಉಳಿಯುತ್ತಿತ್ತು.

ಎರಡನೆಯದು ರಾಜ್ಯದೊಳಗೆ ಗೆರೆ ಎಳೆಯುವುದು. ಇದು ಬಹುತೇಕ ರಾಜ್ಯಗಳಲ್ಲಿ ಶಾಸಕರ ಕೈಯಲ್ಲೇ ಇದೆ. ಕೆಲವೆಡೆ ಮಾತ್ರ ಆಯೋಗಗಳಿವೆ. ವಿರೋಧಿ ಮತದಾರರನ್ನು ಒಂದೇ ಕ್ಷೇತ್ರದಲ್ಲಿ ತುರುಕುವುದು ಇಲ್ಲವೇ ಐದಾರು ಕ್ಷೇತ್ರಗಳಿಗೆ ಚೆದುರಿಸುವುದು ಇಲ್ಲಿಯ ಕೈಚಳಕ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯನ್ನು ಹೋಲುತ್ತಿದ್ದುದರಿಂದ ಇದಕ್ಕೆ ‘ಗೆರಿಮ್ಯಾಂಡರ್’ ಎಂಬ ಹೆಸರು ಬಂತು. ಪಕ್ಷದ ಲಾಭಕ್ಕಾಗಿ ಹೀಗೆ ಗೆರೆ ಎಳೆಯುವುದು ಫೆಡರಲ್ ನ್ಯಾಯಾಲಯಗಳು ತೀರ್ಮಾನಿಸಬಲ್ಲ ಪ್ರಶ್ನೆಯಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೈತೊಳೆದುಕೊಂಡಿತು.

## ಸದನಗಳ ಒಳಗೆ

100 ಜನರ ಸೆನೆಟ್‌ನಲ್ಲಿ 51 ಸಾಲದೆ 60 ಮತ ಬೇಕೆನ್ನುವುದು ಏಕೆ?

ಇದು ಸಂವಿಧಾನದಲ್ಲಿ ಇಲ್ಲ, ಸೆನೆಟ್ ತಾನೇ ಮಾಡಿಕೊಂಡ ನಿಯಮ. ಮಸೂದೆಗೆ 51 ಸಾಕು. ಆದರೆ ‘ಚರ್ಚೆ ಮುಗಿಯಿತು, ಮತಕ್ಕೆ ಹಾಕೋಣ’ ಎನ್ನಲು 60 ಬೇಕು. ಮುಗಿಯದ ಚರ್ಚೆಯಿಂದ ಮಸೂದೆಯನ್ನು ಸಾಯಿಸುವ ಈ ತಂತ್ರಕ್ಕೆ ಫಿಲಿಬಸ್ಟರ್ ಎಂದು ಹೆಸರು. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ನಿಂತು ಮಾತನಾಡಿದರು. ಮಸೂದೆ ಹೇಗೂ ಅಂಗೀಕಾರವಾಯಿತು. 2025ರಲ್ಲಿ ಕೋರಿ ಬುಕರ್ 25 ಗಂಟೆ ದಾಟಿ ಆ ದಾಖಲೆ ಮುರಿದರು, ಆದರೆ ಅದು ಪ್ರತಿಭಟನೆಯ ಭಾಷಣವಾಗಿತ್ತು, ಯಾವ ಮಸೂದೆಯನ್ನೂ ತಡೆಯಲಿಕ್ಕಲ್ಲ. ಈಗಿನ ಫಿಲಿಬಸ್ಟರಿಗೆ ಗಂಟಲು ಒಣಗಿಸಿಕೊಳ್ಳುವ ಅಗತ್ಯವೂ ಇಲ್ಲ. 41 ಮಂದಿ ಒಪ್ಪುವುದಿಲ್ಲ ಎಂದು ಗೊತ್ತಾದರೆ ಮಸೂದೆ ಮೇಜಿನಿಂದಾಚೆ ಬರುವುದೇ ಇಲ್ಲ.

ಎರಡು ಬಾಗಿಲುಗಳು ಮಾತ್ರ ತೆರೆದಿವೆ. 2013ರಲ್ಲಿ ಡೆಮಾಕ್ರಟರು ಸುಪ್ರೀಂ ಕೋರ್ಟ್ ಹೊರತಾದ ನೇಮಕಗಳಿಗೂ 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿನ ನೇಮಕಗಳಿಗೂ ಸರಳ ಬಹುಮತ ಸಾಕೆಂದು ಬದಲಿಸಿದರು. ತೆರಿಗೆ ಮತ್ತು ವೆಚ್ಚಕ್ಕೆ ಸಂಬಂಧಿಸಿದ ‘ರಿಕನ್ಸಿಲಿಯೇಷನ್’ ಮಸೂದೆಗಳಿಗೂ 51 ಸಾಕು. ಅಧ್ಯಕ್ಷರಾದವರು ತಮ್ಮ ಕನಸುಗಳನ್ನೆಲ್ಲ ಆ ಒಂದೇ ಮಸೂದೆಯ ಗಂಟಿನಲ್ಲಿ ಕಟ್ಟಲು ಹೆಣಗುವುದು ಇದೇ ಕಾರಣಕ್ಕೆ.

ಅಷ್ಟು ಶ್ರೀಮಂತ ದೇಶದಲ್ಲಿ ಸರ್ಕಾರಿ ಕಚೇರಿಗೆ ಬೀಗ ಬೀಳುವುದು ಹೇಗೆ?

ಹಣವಿಲ್ಲದೆ ಅಲ್ಲ, ಖರ್ಚು ಮಾಡಲು ಅನುಮತಿ ಇಲ್ಲದೆ. ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಎರಡೂ ಸದನಗಳು ಒಪ್ಪಿ ಅಧ್ಯಕ್ಷರು ಸಹಿ ಹಾಕದಿದ್ದರೆ ಆಯಾ ಇಲಾಖೆಗೆ ಖಜಾನೆಯಿಂದ ಹಣ ತೆಗೆಯುವ ಹಕ್ಕಿರುವುದಿಲ್ಲ. ನಮ್ಮಲ್ಲಿ ಧನವಿನಿಯೋಗ ಮಸೂದೆ ಸೋತರೆ ಸರ್ಕಾರ ರಾಜೀನಾಮೆ ಕೊಡಬೇಕಾಗುತ್ತದೆ, ತಡವಾದರೆ ಲೇಖಾನುದಾನ ಇದೆ. ಅಲ್ಲಿ ಬೀಳಲು ಸರ್ಕಾರವಿಲ್ಲವಾದ್ದರಿಂದ ಕಚೇರಿಗಳು ಮುಚ್ಚುತ್ತವೆ. ಸೈನಿಕರು, ವಿಮಾನ ಸಂಚಾರ ನಿಯಂತ್ರಕರು ಮುಂತಾದ ‘ಅತ್ಯಗತ್ಯ’ದವರು ಸಂಬಳವಿಲ್ಲದೆ ದುಡಿಯುತ್ತಾರೆ, ಉಳಿದವರು ಮನೆಯಲ್ಲಿರುತ್ತಾರೆ. 2018ರ ಡಿಸೆಂಬರಿನಲ್ಲಿ ಶುರುವಾದದ್ದು 35 ದಿನ ನಡೆಯಿತು, 2025ರ ಅಕ್ಟೋಬರಿನಲ್ಲಿ ಶುರುವಾದದ್ದು 43 ದಿನ.

ಅಧ್ಯಕ್ಷರು ದಪ್ಪ ಪೆನ್ನಿನಲ್ಲಿ ಸಹಿ ಹಾಕಿ ಎತ್ತಿ ತೋರಿಸುವ ಆ ಕಾಗದ ಕಾನೂನೇ?

ಅದು ಕಾರ್ಯಾದೇಶ. ನಮ್ಮ ಸುಗ್ರೀವಾಜ್ಞೆ ತಾತ್ಕಾಲಿಕವಾದರೂ ಕಾನೂನಿಗೆ ಸಮ, ಕಾರ್ಯಾದೇಶ ಹಾಗಲ್ಲ. ಇರುವ ಕಾನೂನಿನ ಅಥವಾ ಸಂವಿಧಾನದ ಬಲದಿಂದ ಅಧ್ಯಕ್ಷರು ತಮ್ಮ ಅಧಿಕಾರಿಗಳಿಗೆ ಕೊಡುವ ಸೂಚನೆ ಅದು, ಮುಂದಿನ ಅಧ್ಯಕ್ಷರು ಒಂದೇ ಸಹಿಯಿಂದ ಅಳಿಸಬಹುದು. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1952ರಲ್ಲಿ, ಮುಷ್ಕರ ತಪ್ಪಿಸಲು ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಳ್ಳುವ ಆದೇಶ ಹೊರಡಿಸಿದಾಗ ಸುಪ್ರೀಂ ಕೋರ್ಟ್ 6–3ರಿಂದ ಅದನ್ನು ರದ್ದುಮಾಡಿತು. ಹಾಗೆಂದು ಕಾರ್ಯಾದೇಶವನ್ನು ಹಗುರವಾಗಿ ಕಾಣುವಂತಿಲ್ಲ: 1942ರಲ್ಲಿ ಜಪಾನೀ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಶಿಬಿರಗಳಿಗೆ ತಳ್ಳಿದ್ದು ರೂಸ್‌ವೆಲ್ಟ್ ಅವರ ಅಂಥದೇ ಒಂದು ಕಾಗದ.

ವಾಗ್ದಂಡನೆ ಆದ ಮೇಲೂ ಅಧ್ಯಕ್ಷರು ಮುಂದುವರಿದದ್ದು ಹೇಗೆ?

ವಾಗ್ದಂಡನೆ ಎಂದರೆ ಆರೋಪಪಟ್ಟಿ, ಶಿಕ್ಷೆಯಲ್ಲ. ಪ್ರತಿನಿಧಿ ಸಭೆ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ, ಸೆನೆಟ್ ವಿಚಾರಣೆ ನಡೆಸುತ್ತದೆ, ತಪ್ಪಿತಸ್ಥರೆನ್ನಲು ಮೂರನೇ ಎರಡು ಭಾಗ ಬೇಕು. ಆಂಡ್ರೂ ಜಾನ್ಸನ್ 1868ರಲ್ಲಿ ಒಂದೇ ಮತದ ಕೊರತೆಯಿಂದ ಉಳಿದರು. ಬಿಲ್ ಕ್ಲಿಂಟನ್ ಮತ್ತು ಎರಡು ಬಾರಿ ಡೊನಾಲ್ಡ್ ಟ್ರಂಪ್ ಕೂಡ ಖುಲಾಸೆಯಾದರು. ನಿಕ್ಸನ್ ವಾಗ್ದಂಡನೆಗೆ ಒಳಗಾಗಲೇ ಇಲ್ಲ, 1974ರಲ್ಲಿ ಅದಕ್ಕೆ ಮುಂಚೆಯೇ ರಾಜೀನಾಮೆ ಕೊಟ್ಟರು.

## ಇನ್ನೂ ಸ್ವಲ್ಪ ಆಳಕ್ಕೆ

ಕಾನೂನನ್ನು ರದ್ದುಮಾಡುವ ಅಧಿಕಾರ ಅಲ್ಲಿಯ ಸುಪ್ರೀಂ ಕೋರ್ಟಿಗೆ ಕೊಟ್ಟವರು ಯಾರು?

ನಮ್ಮ ಸಂವಿಧಾನದ 13ನೇ ವಿಧಿ ಈ ಅಧಿಕಾರಕ್ಕೆ ನೆಲೆ ಕೊಡುತ್ತದೆ. ಅಮೆರಿಕದ ಸಂವಿಧಾನದಲ್ಲಿ ಅಂಥ ವಾಕ್ಯವೇ ಇಲ್ಲ. 1803ರಲ್ಲಿ ವಿಲಿಯಂ ಮಾರ್ಬರಿ ಎಂಬಾತ ತನಗೆ ಮಂಜೂರಾದ ನ್ಯಾಯಾಧಿಕಾರಿ ಹುದ್ದೆಯ ನೇಮಕಪತ್ರ ಕೈಸೇರಲಿಲ್ಲವೆಂದು ದೂರಿದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅದನ್ನು ತರ್ಕದಿಂದ ಪಡೆದರು. ಮಾರ್ಬರಿಗೆ ಪತ್ರದ ಹಕ್ಕಿದೆ, ಆದರೆ ಅದನ್ನು ಕೊಡಿಸುವ ಅಧಿಕಾರವನ್ನು ನಮಗೆ ನೀಡುವ ಕಾನೂನೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಆ ಕಾನೂನು ಊರ್ಜಿತವಲ್ಲ ಎಂದರು. ಸಣ್ಣದೊಂದು ಅಧಿಕಾರವನ್ನು ಬಿಟ್ಟುಕೊಟ್ಟು ಎಲ್ಲಕ್ಕಿಂತ ದೊಡ್ಡದನ್ನು ಕೈವಶ ಮಾಡಿಕೊಂಡ ತೀರ್ಪು ಅದು. ಸ್ವಾರಸ್ಯವೆಂದರೆ, ಹಿಂದಿನ ಅಧ್ಯಕ್ಷರ ಕಾಲದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದು ಆ ಪತ್ರವನ್ನು ತಲುಪಿಸದೆ ಉಳಿಸಿದ್ದವರು ಇದೇ ಮಾರ್ಷಲ್.

ಒಂದು ವಿಷಯದಲ್ಲಿ ಮಾತ್ರ ನಮ್ಮ ನ್ಯಾಯಾಲಯ ಮುಂದೆ ಹೋಗಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ, 1973ರಲ್ಲಿ, 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಕೆಡಿಸಲಾಗದು ಎಂದಿತು. ಅಮೆರಿಕದಲ್ಲಿ ಆ ಸಿದ್ಧಾಂತವಿಲ್ಲ. ಅಲ್ಲಿಯ ಪಠ್ಯದಲ್ಲಿ ಇಂದು ಉಳಿದಿರುವ ಒಂದೇ ತಡೆ ಎಂದರೆ ಯಾವ ರಾಜ್ಯಕ್ಕೂ ಅದರ ಒಪ್ಪಿಗೆಯಿಲ್ಲದೆ ಸೆನೆಟ್‌ನ ಸಮಪಾಲು ತಪ್ಪಿಸಕೂಡದು ಎಂಬುದು. ತಿದ್ದುಪಡಿಯೇ ಅಷ್ಟು ದುರ್ಲಭವಾದಲ್ಲಿ ಅದಕ್ಕೆ ಇನ್ನೊಂದು ಬೇಲಿ ಬೇಕೆನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕೇಂದ್ರಕ್ಕೆ ಬರೆದುಕೊಟ್ಟಷ್ಟೇ ಅಧಿಕಾರ ಎನ್ನುತ್ತೀರಿ. ಮತ್ತೆ ವಾಷಿಂಗ್ಟನ್ ಎಲ್ಲದರಲ್ಲೂ ಮೂಗು ತೂರಿಸುವುದು ಹೇಗೆ?

ಬರೆದುಕೊಟ್ಟ ಪಟ್ಟಿಯಲ್ಲಿ ‘ರಾಜ್ಯಗಳ ನಡುವಣ ವಾಣಿಜ್ಯವನ್ನು ನಿಯಂತ್ರಿಸುವುದು’ ಎಂಬ ಒಂದು ಮಾತಿದೆ. ಅದು ಎಷ್ಟು ಹಿಗ್ಗಬಲ್ಲದು ಎಂಬುದನ್ನು ಒಬ್ಬ ರೈತನ ಹೊಲದಲ್ಲಿ ನಿಂತು ನೋಡಬಹುದು. ಒಹಾಯೊದ ರಾಸ್ಕೊ ಫಿಲ್‌ಬರ್ನ್ ಅವರಿಗೆ ಬೆಲೆ ಕುಸಿತ ತಡೆಯುವ ಕಾನೂನಿನಂತೆ 11.1 ಎಕರೆಯಲ್ಲಿ ಗೋಧಿ ಬೆಳೆಯಲು ಅನುಮತಿಯಿತ್ತು. ಅವರು 23 ಎಕರೆಯಲ್ಲಿ ಬಿತ್ತಿ 239 ಬುಶೆಲ್ ಹೆಚ್ಚುವರಿ ಗೋಧಿ ತೆಗೆದರು. ಬುಶೆಲ್ಲಿಗೆ 49 ಸೆಂಟಿನಂತೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ನನ್ನ ಕೋಳಿ, ದನಗಳಿಗೆ, ಮನೆಯ ಹಿಟ್ಟಿಗೆ ಬೆಳೆದದ್ದು ಯಾವ ವಾಣಿಜ್ಯ ಎಂದು ಅವರು ಕೇಳಿದರು. ಹಾಗೆ ಬೆಳೆದುಕೊಂಡವರು ಪೇಟೆಯಲ್ಲಿ ಕೊಳ್ಳುವುದಿಲ್ಲ, ಎಲ್ಲ ರೈತರೂ ಹಾಗೆಯೇ ಮಾಡಿದರೆ ದೇಶದ ಬೆಲೆಯೇ ಬದಲಾಗುತ್ತದೆ, ಆದ್ದರಿಂದ ಕಾಂಗ್ರೆಸ್ ತಡೆಯಬಹುದು ಎಂದು 1942ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಆ ಹಗ್ಗವನ್ನು ನ್ಯಾಯಾಲಯ ಮತ್ತೆ ಎಳೆದು ಹಿಡಿದದ್ದು 1995ರಲ್ಲಿ, ಶಾಲೆಯ ಬಳಿ ಬಂದೂಕು ಇಟ್ಟುಕೊಳ್ಳುವುದು ವಾಣಿಜ್ಯವಲ್ಲ ಎಂಬ ತೀರ್ಪಿನಿಂದ.

ಇನ್ನೊಂದು ದಾರಿ ದುಡ್ಡು. ಮದ್ಯಪಾನದ ಕನಿಷ್ಠ ವಯಸ್ಸು ರಾಜ್ಯಗಳ ವಿಷಯ. ಅದನ್ನು 21 ಮಾಡದ ರಾಜ್ಯಗಳಿಗೆ ಹೆದ್ದಾರಿ ಅನುದಾನದಲ್ಲಿ ಕಡಿತ ಎಂದು 1984ರ ಕಾನೂನು ಹೇಳಿತು. ಒಂದೊಂದಾಗಿ 50 ರಾಜ್ಯಗಳೂ 21ಕ್ಕೆ ಏರಿಸಿದವು.

ಚುನಾವಣೆಗೆ ಕೋಟಿಗಟ್ಟಲೆ ಡಾಲರ್ ಸುರಿಯುವುದಕ್ಕೆ ಮಿತಿಯೇ ಇಲ್ಲವೇ?

ಅಭ್ಯರ್ಥಿಗೆ ನೇರವಾಗಿ ಕೊಡುವುದಕ್ಕೆ ಮಿತಿಯಿದೆ: 2024ರ ಚುನಾವಣೆಯಲ್ಲಿ ಒಬ್ಬರು ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ 3,300, ಮುಖ್ಯ ಚುನಾವಣೆಗೆ 3,300 ಡಾಲರ್ ಕೊಡಬಹುದಿತ್ತು. ಆದರೆ ಅಭ್ಯರ್ಥಿಯೊಂದಿಗೆ ಸಮಾಲೋಚಿಸದೆ ಸ್ವತಂತ್ರವಾಗಿ ಜಾಹೀರಾತಿಗೆ ಸುರಿಯುವ ‘ಸೂಪರ್ ಪ್ಯಾಕ್’ಗಳಿಗೆ ಮಿತಿಯಿಲ್ಲ. ಕಂಪನಿಗಳ ಇಂಥ ಖರ್ಚೂ ವಾಕ್ ಸ್ವಾತಂತ್ರ್ಯವೇ ಎಂದು 2010ರಲ್ಲಿ 5–4ರಿಂದ ಬಂದ ತೀರ್ಪು ಇದಕ್ಕೆ ತಳಹದಿ. ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ ಚುನಾವಣಾ ಬಾಂಡ್‌ಗಳನ್ನು ರದ್ದುಮಾಡುವಾಗ ಮತದಾರರ ತಿಳಿಯುವ ಹಕ್ಕನ್ನು ಮುಂದಿಟ್ಟಿತು. ಒಂದೇ ರೋಗಕ್ಕೆ ಎರಡು ನ್ಯಾಯಾಲಯಗಳು ಎರಡು ದಿಕ್ಕಿನಿಂದ ನಾಡಿ ಹಿಡಿದಿವೆ.

ನಮ್ಮ ಹುಡುಗ ಹತ್ತು ವರ್ಷದಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. ಒಳ್ಳೆಯ ಅಧ್ಯಕ್ಷರು ಬಂದರೆ ಆ ಸಾಲು ಕರಗುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳ, ಎಂದರೆ ಕಾಯಂ ವಾಸದ ಪರವಾನಗಿಗಳ, ವಾರ್ಷಿಕ ಸಂಖ್ಯೆ ಸುಮಾರು 1,40,000, ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚಿಲ್ಲ. ಈ ಅಂಕಿಗಳು ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿವೆ. ಅಧ್ಯಕ್ಷರು ವೀಸಾ ನಿಯಮಗಳನ್ನು ಬಿಗಿಗೊಳಿಸಬಲ್ಲರು, ಸಡಿಲಿಸಬಲ್ಲರು, ಶುಲ್ಕ ಏರಿಸಬಲ್ಲರು. ಆ ಏಳನ್ನು ಎಂಟು ಮಾಡಲಾರರು. ಗ್ರೀನ್ ಕಾರ್ಡ್ ಬಂದ ಮೇಲೂ ಫೆಡರಲ್ ಚುನಾವಣೆಯಲ್ಲಿ ಮತ ಹಾಕಲು ಪೌರತ್ವವೇ ಬೇಕು, ಅದಿಲ್ಲದೆ ಮತ ಹಾಕುವುದು ಅಪರಾಧ.

ಸಾಲು ಕರಗಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಉದ್ಯೋಗದ ವರ್ಗದಲ್ಲಿ ಆ ದೇಶವಾರು ಮಿತಿಯನ್ನು ತೆಗೆಯುವ ಮಸೂದೆಯನ್ನು 2019ರ ಜುಲೈನಲ್ಲಿ ಪ್ರತಿನಿಧಿ ಸಭೆ 365–65ರ ಭಾರಿ ಬಹುಮತದಿಂದ ಅಂಗೀಕರಿಸಿತು, ಎರಡೂ ಪಕ್ಷಗಳವರು ಕೂಡಿಯೇ ಮತ ಹಾಕಿದರು. ಸೆನೆಟ್‌ನಲ್ಲಿ ಅದು ಹಲವು ತಿಂಗಳು ಒಬ್ಬೊಬ್ಬ ಸೆನೆಟರರ ಆಕ್ಷೇಪಕ್ಕೆ ಸಿಕ್ಕಿ ನಿಂತು, ತಿದ್ದಿದ ರೂಪದಲ್ಲಿ 2020ರ ಡಿಸೆಂಬರಿನಲ್ಲಿ ವಿರೋಧವಿಲ್ಲದೆ ಅಂಗೀಕಾರವಾಯಿತು. ಈಗ ಎರಡು ಸದನಗಳ ಎರಡು ಪಠ್ಯಗಳು ಒಂದಾಗಬೇಕಿತ್ತು, ಉಳಿದದ್ದು ಸುಮಾರು ಒಂದು ತಿಂಗಳು. ಒಂದಾಗಲಿಲ್ಲ. 2021ರ ಜನವರಿ 3ರಂದು ಆ ಕಾಂಗ್ರೆಸ್ಸಿನ ಅವಧಿ ಮುಗಿದಾಗ, ಎರಡೂ ಸದನಗಳು ಬೇಕೆಂದಿದ್ದ ಮಸೂದೆ ಅಧ್ಯಕ್ಷರ ಮೇಜನ್ನು ಮುಟ್ಟದೆಯೇ ಸತ್ತಿತು.